ಬಿಲ್ಲಿನ ಲೆಕ್ಕವಿದೆ, ಕೂಲಿಯ ಲೆಕ್ಕವಿಲ್ಲ

ನಲವತ್ತೆರಡು ವರ್ಷದ ಒಬ್ಬ ಗೂಡ್ಸ್ ಆಟೊ ಚಾಲಕನನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ತಿಂಗಳಿಗೆ 15,000 ರೂಪಾಯಿ ದುಡಿಮೆ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವಯಸ್ಸಾದ ತಾಯಿ. ಹಾವೇರಿ ಹತ್ತಿರ ಹೆದ್ದಾರಿಯಲ್ಲಿ ಲಾರಿ ಗುದ್ದಿ ಆತ ತೀರಿಕೊಂಡು, ತಪ್ಪು ಲಾರಿಯವನದೇ ಎಂದು ಸಾಬೀತಾದರೆ, ಪರಿಹಾರ ಎಷ್ಟು ಎನ್ನುವುದಕ್ಕೆ ಸುಪ್ರೀಂ ಕೋರ್ಟ್ 2009ರಲ್ಲಿ ಮತ್ತು 2017ರಲ್ಲಿ ಹಾಕಿಕೊಟ್ಟ ಸೂತ್ರವಿದೆ. ವರ್ಷದ ದುಡಿಮೆ 1,80,000. ಸ್ವಂತ ದುಡಿಮೆಯವನು, ವಯಸ್ಸು ನಲವತ್ತು ದಾಟಿದೆ, ಆದ್ದರಿಂದ ಮುಂದೆ ಹೆಚ್ಚಬಹುದಾಗಿದ್ದ ಆದಾಯವೆಂದು ಶೇ 25 ಸೇರಿಸಿದರೆ 2,25,000. ನಾಲ್ವರು ಅವಲಂಬಿತರಿರುವುದರಿಂದ ಅವನ ಸ್ವಂತ ಖರ್ಚಿಗೆಂದು ಕಾಲು ಭಾಗ ಕಳೆದರೆ 1,68,750. ನಲವತ್ತೊಂದರಿಂದ ನಲವತ್ತೈದರ ವಯಸ್ಸಿಗೆ ಗುಣಕ 14. ಗುಣಿಸಿದರೆ 23,62,500 ರೂಪಾಯಿ. ಅಂತ್ಯಕ್ರಿಯೆಯ ಖರ್ಚು, ಹೆಂಡತಿಗೆ ಗಂಡನಿಲ್ಲದ ನಷ್ಟ ಇತ್ಯಾದಿ ಬೇರೆ.

ಅದೇ ಮನುಷ್ಯ ಅದೇ ವಯಸ್ಸಿನಲ್ಲಿ ಬಾಯಿ ಕ್ಯಾನ್ಸರ್‌ನಿಂದ ಸತ್ತರೆ? ಬಿಪಿಎಲ್ ಕುಟುಂಬವಾಗಿದ್ದರೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಿಂದ ಒಂದು ಸಲ 20,000 ರೂಪಾಯಿ. ಹೆಂಡತಿಗೆ ವಿಧವಾ ವೇತನ; 2021ರಲ್ಲಿ ಅದನ್ನು 600ರಿಂದ 800 ರೂಪಾಯಿಗೆ ಏರಿಸಿದರು. ಮನೆಯ ಯಜಮಾನಿಯೆಂದು ಗೃಹಲಕ್ಷ್ಮಿಯ 2,000 ಬರಬಹುದು, ಅದು ಗಂಡ ಬದುಕಿದ್ದಾಗಲೂ ಬರುತ್ತಿದ್ದುದೇ. ಮನೆಗೆ ಬಿದ್ದ ಪೆಟ್ಟು ಎರಡೂ ಸಾವಿನಲ್ಲಿ ಒಂದೇ. ಒಂದನ್ನು ನಾವು ವರ್ಷಗಟ್ಟಲೆ ದುಡಿಮೆಯ ನಷ್ಟವೆಂದು ಎಣಿಸುತ್ತೇವೆ, ಇನ್ನೊಂದನ್ನು ಹಣೆಬರಹವೆಂದು ಬಿಟ್ಟುಬಿಡುತ್ತೇವೆ.

ಅಪಘಾತದಲ್ಲಿ ಹಣ ಕೊಡುವುದು ತಪ್ಪು ಮಾಡಿದವನ ವಿಮೆ, ಕ್ಯಾನ್ಸರ್‌ನಲ್ಲಿ ತಪ್ಪಿತಸ್ಥ ಯಾರೂ ಇಲ್ಲ ಎಂದು ವಾದಿಸಬಹುದು. ಹೌದು. ನಾನು ಬದುಕುತ್ತಿರುವ ಜರ್ಮನಿಯಲ್ಲೂ ಕ್ಯಾನ್ಸರ್‌ಗೆ ತಪ್ಪಿತಸ್ಥರಿಲ್ಲ. ಆದರೂ ಅಲ್ಲಿ ಸತ್ತವನು ಬದುಕಿದ್ದರೆ ಎಷ್ಟು ವರ್ಷ ದುಡಿಯುತ್ತಿದ್ದ ಎನ್ನುವ ಲೆಕ್ಕವನ್ನು ಸರ್ಕಾರಿ ಪಿಂಚಣಿ ಸಂಸ್ಥೆ ಹಾಕುತ್ತದೆ, ಕಾಯಿಲೆ ಬಿದ್ದ ಏಳನೇ ವಾರದಿಂದ ಕೂಲಿಯ ಲೆಕ್ಕವನ್ನು ಆರೋಗ್ಯ ವಿಮೆ ಹಾಕುತ್ತದೆ. ಕರ್ನಾಟಕದಲ್ಲಿ ಕಳೆದ ಹದಿನೈದು ವರ್ಷಗಳಲ್ಲಿ ಆಸ್ಪತ್ರೆಯ ಬಿಲ್ಲಿನ ಬಗ್ಗೆ ಒಳ್ಳೆಯ ಕೆಲಸವೇ ಆಗಿದೆ. ಕೂಲಿಯ ಬಗ್ಗೆ ಆಗಿಲ್ಲ. ಅಕಾಲದ ಕ್ಯಾನ್ಸರ್ ಸಾವು ಒಂದು ಮನೆಯನ್ನು ಮುಳುಗಿಸುವುದು ಹೆಚ್ಚಾಗಿ ಆ ಎರಡನೇ ಬಾಬ್ತಿನಲ್ಲಿ.

ಅರ್ಥಶಾಸ್ತ್ರಜ್ಞರು ಈ ನಷ್ಟವನ್ನು ಅಳೆಯುವ ರೂಢಿಯ ವಿಧಾನವೂ ಅಪಘಾತ ಪರಿಹಾರದ ಸೂತ್ರಕ್ಕೆ ಹತ್ತಿರದ್ದೇ. ಅರವತ್ತರವರೆಗೆ ಉಳಿದಿದ್ದ ವರ್ಷಗಳು ಹದಿನೆಂಟು, ವರ್ಷಕ್ಕೆ 1.8 ಲಕ್ಷ, ಒಟ್ಟು 32.4 ಲಕ್ಷ, ಮುಂದೆ ಬರುವ ಹಣಕ್ಕೆ ಇಂದು ಬೆಲೆ ಕಡಿಮೆಯೆಂದು ವರ್ಷಕ್ಕೆ ಶೇ 3ರಂತೆ ಇಳಿಸಿದರೆ ಸುಮಾರು 24.8 ಲಕ್ಷ. ಈ ವಿಧಾನದಲ್ಲಿ ಒಂದು ದೊಡ್ಡ ತೂತಿದೆ. ಸಂಬಳವಿಲ್ಲದ ಹೆಂಗಸಿನ ಸಾವಿಗೆ ಅದು ಸೊನ್ನೆ ಬರೆಯುತ್ತದೆ. ಅಡುಗೆ, ನೀರು, ದನಕರು, ಅತ್ತೆ ಮಾವನ ಆರೈಕೆ, ಮಕ್ಕಳ ಓದು ಯಾವುದೂ ಲೆಕ್ಕಕ್ಕಿಲ್ಲ. ಅಪಘಾತದ ಪ್ರಕರಣಗಳಲ್ಲಿ ಗೃಹಿಣಿಯ ದುಡಿಮೆಗೂ ಬೆಲೆ ಕಟ್ಟಬೇಕೆಂದು ಸುಪ್ರೀಂ ಕೋರ್ಟ್ 2021ರ ಜನವರಿಯಲ್ಲಿ ಮತ್ತೆ ಸ್ಪಷ್ಟವಾಗಿ ಹೇಳಿತು. ಆರೋಗ್ಯದ ಲೆಕ್ಕಗಳಿಗೆ ಆ ಮಾತು ಇನ್ನೂ ತಲುಪಿಲ್ಲ.

ಜರ್ಮನಿಯಲ್ಲಿ ಕ್ಯಾನ್ಸರ್ ಪತ್ತೆಯಾಗುವವರ ಮಧ್ಯಮ ವಯಸ್ಸು ಎಪ್ಪತ್ತರ ಆಸುಪಾಸು. ಅಂದರೆ ಅರ್ಧಕ್ಕಿಂತ ಹೆಚ್ಚು ಜನ ಆಗಲೇ ಪಿಂಚಣಿಯಲ್ಲಿರುತ್ತಾರೆ, ಮಕ್ಕಳು ತಮ್ಮ ಕಾಲ ಮೇಲೆ ನಿಂತಿರುತ್ತಾರೆ. ನಮ್ಮಲ್ಲಿ ಸ್ತನ ಕ್ಯಾನ್ಸರ್ ಕಾಣಿಸುವುದೇ ಅಲ್ಲಿಗಿಂತ ಸುಮಾರು ಹತ್ತು ವರ್ಷ ಮುಂಚೆ. ಇದಕ್ಕೆ ಒಂದು ಕಾರಣ ನಮ್ಮ ಜನಸಂಖ್ಯೆಯೇ ಎಳೆಯದು. ಎಪ್ಪತ್ತು ದಾಟಿದವರು ಕಡಿಮೆಯಿದ್ದರೆ ಸರಾಸರಿ ತಾನಾಗಿ ಇಳಿಯುತ್ತದೆ. ಇಷ್ಟನ್ನು ನೋಡಿ ನಮ್ಮವರ ದೇಹವೇ ದುರ್ಬಲ ಎಂದು ಹೇಳುವುದು ತಪ್ಪು. ಇನ್ನೊಂದು ಕಾರಣ ಕ್ಯಾನ್ಸರ್‌ಗಳ ಬಗೆ. ಅಲ್ಲಿ ಸ್ತನದ ಜೊತೆಗೆ ಪ್ರೋಸ್ಟೇಟ್, ಕರುಳು, ಶ್ವಾಸಕೋಶ ಮುಂದಿದ್ದರೆ ಇಲ್ಲಿ ಗಂಡಸರಲ್ಲಿ ಬಾಯಿ, ಹೆಂಗಸರಲ್ಲಿ ಸ್ತನ ಮತ್ತು ಗರ್ಭಕೊರಳು. ಈ ಮೂರೂ ಸಂಸಾರದ ನಡುವಯಸ್ಸಿನಲ್ಲಿ ಬರುವಂಥವು, ಮತ್ತು ಮೂರನ್ನೂ ಬೇಗ ಕಂಡುಹಿಡಿಯಬಹುದು. 2022ರ ಅಂದಾಜಿನಂತೆ ಭಾರತದಲ್ಲಿ ಆ ಒಂದು ವರ್ಷ ಕ್ಯಾನ್ಸರ್‌ನಿಂದ ಸತ್ತವರು ಒಂಬತ್ತು ಲಕ್ಷಕ್ಕೂ ಹೆಚ್ಚು.

ಜರ್ಮನಿಯ ಏರ್ಪಾಡನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಲ್ಲಿರುವ ಕನ್ನಡಿಗರಲ್ಲೂ ಅನೇಕರಿಗೆ ಇದು ಗೊತ್ತಿರುವುದು ಬೇಕಾದ ದಿನ ಬಂದ ಮೇಲೆಯೇ.

ಸಂಬಳದ ಕೆಲಸದಲ್ಲಿರುವವರು ಕಾಯಿಲೆ ಬಿದ್ದರೆ ಮೊದಲ ಆರು ವಾರ ಕಂಪನಿಯೇ ಪೂರ್ತಿ ಸಂಬಳ ಕೊಡಬೇಕು. ಆಮೇಲೆ ಆರೋಗ್ಯ ವಿಮಾ ಸಂಸ್ಥೆ, ಅಂದರೆ ಕ್ರಾಂಕೆನ್‌ಕಾಸ್ಸೆ, ಕಾಯಿಲೆ ಭತ್ಯೆ ಕೊಡುತ್ತದೆ: ಒಟ್ಟು ಸಂಬಳದ ಶೇ 70 ಅಥವಾ ಕೈಗೆ ಬರುವ ಸಂಬಳದ ಶೇ 90, ಎರಡರಲ್ಲಿ ಕಡಿಮೆಯಿರುವುದು. ಒಟ್ಟು 3,000 ಯುರೋ, ಕೈಗೆ 2,050 ಯುರೋ ಬರುತ್ತಿದ್ದವರಿಗೆ 1,845. ಅದರಲ್ಲಿ ಪಿಂಚಣಿ ಮುಂತಾದ ಕಂತು ಮುರಿದುಕೊಂಡು ಸುಮಾರು 1,600 ಕೈಸೇರುತ್ತದೆ. ಒಂದೇ ಕಾಯಿಲೆಗೆ ಮೂರು ವರ್ಷಗಳ ಅವಧಿಯಲ್ಲಿ ಒಟ್ಟು 78 ವಾರ, ಕಂಪನಿ ಕೊಟ್ಟ ಆರು ವಾರವೂ ಅದರಲ್ಲೇ ಸೇರಿದೆ. ಆಸ್ಪತ್ರೆಯಲ್ಲಿ ದಿನಕ್ಕೆ 10 ಯುರೋ, ಅದೂ ವರ್ಷಕ್ಕೆ 28 ದಿನಗಳ ಮಟ್ಟಿಗೆ, ರೋಗಿ ಕೊಡಬೇಕು. ಚೀಟಿಯ ಪ್ರತಿ ಔಷಧಿಗೆ 5ರಿಂದ 10 ಯುರೋ. ಇವೆಲ್ಲ ಸೇರಿ ಮನೆಯ ವರ್ಷದ ಆದಾಯದ ಶೇ 2 ಮುಟ್ಟಿದರೆ, ದೀರ್ಘಕಾಲದ ರೋಗಿಗಾದರೆ ಶೇ 1 ಮುಟ್ಟಿದರೆ, ಆ ವರ್ಷ ಮುಂದೆ ಕೊಡಬೇಕಿಲ್ಲ. ರಸೀದಿಗಳನ್ನು ಜೋಡಿಸಿ ಅರ್ಜಿ ಹಾಕಬೇಕು, ತಾನಾಗಿ ಆಗುವುದಿಲ್ಲ.

ಹನ್ನೆರಡು ವರ್ಷದೊಳಗಿನ ಮಗುವಿರುವ ಮನೆಯಲ್ಲಿ ಮನೆಗೆಲಸ ನೋಡಿಕೊಳ್ಳುತ್ತಿದ್ದವರು ಆಸ್ಪತ್ರೆ ಸೇರಿ, ಮನೆಯಲ್ಲಿ ಬೇರೆ ಯಾರೂ ನಿಭಾಯಿಸಲಾಗದಿದ್ದರೆ, ಅಡುಗೆ, ಬಟ್ಟೆ, ಮಗುವನ್ನು ಶಾಲೆಯಿಂದ ಕರೆತರುವುದಕ್ಕೆ ವಿಮೆಯೇ ಆಳು ಕಳಿಸುತ್ತದೆ ಅಥವಾ ಅದರ ಖರ್ಚು ಕೊಡುತ್ತದೆ. ಅರ್ಥಶಾಸ್ತ್ರಜ್ಞರು ಸೊನ್ನೆ ಬರೆಯುವ ಕೆಲಸಕ್ಕೆ ಇಲ್ಲಿ ಬೆಲೆ ಕಟ್ಟಿದ್ದಾರೆ. ಈ ಇಡೀ ಏರ್ಪಾಡಿನಲ್ಲಿ ನನಗೆ ಅತ್ಯಂತ ಹಿಡಿಸಿದ್ದು ಇದು.

ಅದಕ್ಕಿಂತ ಮುಖ್ಯ, ಇದನ್ನೆಲ್ಲ ರೋಗಿಗೆ ಮುಟ್ಟಿಸುವ ಒಬ್ಬ ಮನುಷ್ಯ ಇದ್ದಾನೆ. ಕ್ಯಾನ್ಸರ್ ಕೇಂದ್ರವೆಂದು ಪ್ರಮಾಣೀಕರಿಸಿಕೊಂಡ ಆಸ್ಪತ್ರೆಗಳಲ್ಲಿ ಸಾಮಾಜಿಕ ಸಲಹೆಗಾರರು ಇರಲೇಬೇಕು. ಶಸ್ತ್ರಚಿಕಿತ್ಸೆ ಮುಗಿದು ರೋಗಿ ವಾರ್ಡಿನಲ್ಲಿದ್ದಾಗಲೇ ಅವರು ಫಾರಂಗಳ ಕಡತ ಹಿಡಿದು ಹಾಸಿಗೆಯ ಪಕ್ಕಕ್ಕೆ ಬರುತ್ತಾರೆ. ಪುನಶ್ಚೇತನ ಕೇಂದ್ರಕ್ಕೆ ಅರ್ಜಿ, ತೀವ್ರ ಅಂಗವೈಕಲ್ಯದ ಗುರುತುಪತ್ರಕ್ಕೆ ಅರ್ಜಿ, ಮನೆಗೆಲಸದವರಿಗೆ ಅರ್ಜಿ ತುಂಬಿಸುತ್ತಾರೆ. ಆ ಗುರುತುಪತ್ರ ಕ್ಯಾನ್ಸರ್ ರೋಗಿಗೆ ಸಾಮಾನ್ಯವಾಗಿ ಐದು ವರ್ಷಕ್ಕೆ ಸಿಗುತ್ತದೆ. ವರ್ಷಕ್ಕೆ ಐದು ದಿನ ಹೆಚ್ಚುವರಿ ರಜೆ, ಸರ್ಕಾರಿ ಕಚೇರಿಯ ಒಪ್ಪಿಗೆಯಿಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ವೈಕಲ್ಯಗಳಿವೆ, ಕ್ಯಾನ್ಸರ್ ಅದರಲ್ಲಿಲ್ಲ.

ಸಾವಾದರೆ ಪಿಂಚಣಿ ಸಂಸ್ಥೆ ಸತ್ತವರ ಪಿಂಚಣಿಯನ್ನು ಅವರು 66 ದಾಟುವವರೆಗೂ ದುಡಿದಿದ್ದರೆ ಎಷ್ಟಾಗುತ್ತಿತ್ತೋ ಅದರ ಮೇಲೆ ಲೆಕ್ಕ ಹಾಕುತ್ತದೆ. ಈ ಮಿತಿ 2031ರ ಹೊತ್ತಿಗೆ 67ಕ್ಕೆ ಏರಲಿದೆ. ಅದರಲ್ಲಿ ಶೇ 10.8ರವರೆಗೆ ಕಡಿತ ಮಾಡಿ, ಉಳಿದದ್ದರಲ್ಲಿ ಶೇ 55 ಸಂಗಾತಿಗೆ; 18 ವರ್ಷದೊಳಗಿನ ಮಗುವನ್ನು ಸಾಕುತ್ತಿದ್ದರೆ ಈ ದೊಡ್ಡ ಮೊತ್ತ ಸಿಗುತ್ತದೆ. ಪ್ರತಿ ಮಗುವಿಗೆ ಶೇ 10 ಮತ್ತು ಅದರ ಮೇಲೊಂದು ಸಣ್ಣ ಸೇರಿಕೆ, 18 ವರ್ಷದವರೆಗೆ, ಓದುತ್ತಿದ್ದರೆ 27ರವರೆಗೆ. ಮೊದಲ ಮೂರು ತಿಂಗಳು ಸಂಗಾತಿಗೆ ಪೂರ್ತಿ ಪಿಂಚಣಿ. ಮೇಲೆ ಹೇಳಿದ 3,000 ಯುರೋ ಸಂಬಳದವನು 42ಕ್ಕೆ ಸತ್ತರೆ ಹೆಂಡತಿಗೆ ತಿಂಗಳಿಗೆ ಅಂದಾಜು 600 ಯುರೋ, ಮಕ್ಕಳಿಗೆ ತಲಾ ನೂರಕ್ಕೆ ಮಿಕ್ಕಿ. ಜರ್ಮನಿಯ ಬಾಡಿಗೆಗೆ ಇದು ಸಾಲದು, ಆದರೆ ಮನೆ ನಿಂತ ನಿಲುವಿನಲ್ಲಿ ಕುಸಿಯುವುದನ್ನು ತಡೆಯುತ್ತದೆ.

ಕನ್ನಡಿಗರು ಗಮನಿಸಬೇಕಾದ್ದು: ಇದಕ್ಕೆ ಸತ್ತವರ ಐದು ವರ್ಷದ ಕಂತು ತುಂಬಿರಬೇಕು. ಭಾರತ ಮತ್ತು ಜರ್ಮನಿಯ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಿಂದ ಜಾರಿಯಲ್ಲಿದೆ. ಭಾರತದಲ್ಲಿ ಪಿಎಫ್ ಪಿಂಚಣಿ ಕಟ್ಟಿದ ಅವಧಿಯನ್ನೂ ಅರ್ಹತೆಗೆ ಸೇರಿಸಿಕೊಳ್ಳಬಹುದು, ಹೆಂಡತಿ ಮಕ್ಕಳೊಂದಿಗೆ ಊರಿಗೆ ಮರಳಿದರೂ ಪಿಂಚಣಿ ಅಲ್ಲಿಗೇ ಬರುತ್ತದೆ. ಅರ್ಜಿ ಹಾಕಲು ತಡವಾದರೆ ಹಿಂದಿನ ಬಾಕಿ ಸಿಗುವುದು ಹನ್ನೆರಡು ತಿಂಗಳಿನದು ಮಾತ್ರ.

ಅಲ್ಲಿ ಎಲ್ಲವೂ ಸರಿಯಿದೆ ಎಂದು ನಾನು ಹೇಳುತ್ತಿಲ್ಲ. ಮಿನಿಜಾಬ್ ಎಂಬ ಸಣ್ಣ ಕೆಲಸದಲ್ಲಿರುವವರಿಗೆ ಕಾಯಿಲೆ ಭತ್ಯೆ ಇಲ್ಲ. ಸ್ವಂತ ಕಸುಬಿನವರು ತಾವಾಗಿ ಆರಿಸಿಕೊಳ್ಳದಿದ್ದರೆ ಅವರಿಗೂ ಇಲ್ಲ. ಕಾಯಿಲೆ ಚೀಟಿಯ ಅವಧಿ ಮುಗಿದ ಮರು ಕೆಲಸದ ದಿನದೊಳಗೆ ಹೊಸ ಚೀಟಿ ಪಡೆಯದಿದ್ದರೆ ಆ ಅಂತರಕ್ಕೆ ಹಣ ಬರುವುದಿಲ್ಲ. ಕಿಮೊ ಮುಗಿಸಿ ಮಲಗಿದವರಿಗೆ ಇದು ಸುಲಭವಾಗಿ ತಪ್ಪಿಹೋಗುತ್ತದೆ. ಇನ್ನೊಂದು ಅಪಾಯ ಹತ್ತು ವಾರದ ಪತ್ರ. ಕೆಲಸದ ಶಕ್ತಿ ಕುಂದಿದೆ ಎಂದು ವೈದ್ಯರು ಬರೆದರೆ ವಿಮಾ ಸಂಸ್ಥೆ ಹತ್ತು ವಾರದೊಳಗೆ ಪುನಶ್ಚೇತನಕ್ಕೆ ಅರ್ಜಿ ಹಾಕುವಂತೆ ಕಟ್ಟುಮಾಡಬಹುದು. ಆ ಅರ್ಜಿಯೇ ಮುಂದೆ ಅಶಕ್ತತೆಯ ಪಿಂಚಣಿಯ ಅರ್ಜಿಯಾಗಿ ಬದಲಾಗಬಹುದು, ಆ ಪಿಂಚಣಿ ಸಾಮಾನ್ಯವಾಗಿ ಭತ್ಯೆಗಿಂತ ಬಹಳ ಕಡಿಮೆ. ಸಹಿ ಹಾಕುವ ಮುನ್ನ ಆಸ್ಪತ್ರೆಯ ಸಲಹೆಗಾರರನ್ನೋ, ಫಾವ್‌ಡೇಕಾದಂಥ ಸಾಮಾಜಿಕ ಸಂಘವನ್ನೋ ಕೇಳಬೇಕು. ರೋಗ ತಡೆಯುವ ವಿಷಯದಲ್ಲಂತೂ ಜರ್ಮನಿ ಹಿಂದೆಯೇ ಇದೆ. ಸಿಗರೇಟು ಬೀದಿಯ ಯಂತ್ರದಲ್ಲಿ ಸಿಗುತ್ತದೆ. ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯನ್ನು ಹುಡುಗಿಯರಿಗೆ 2007ರಲ್ಲೇ ಶಿಫಾರಸು ಮಾಡಿದ್ದರೂ ಶಾಲೆಯಲ್ಲಿ ಕೊಡುವ ಪದ್ಧತಿಯಿಲ್ಲದೆ ಹದಿನೈದರ ಹುಡುಗಿಯರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಮಂದಿಗಷ್ಟೇ ಪೂರ್ತಿ ಆಗಿದೆ.

ಈಗ ಕರ್ನಾಟಕ. ವಾಜಪೇಯಿ ಆರೋಗ್ಯಶ್ರೀ ಯೋಜನೆ ಬಂದಾಗ ಉತ್ತರದ ಜಿಲ್ಲೆಗಳಲ್ಲಿ ಮೊದಲು ಜಾರಿಯಾಯಿತು. ಯೋಜನೆಯ ಗಡಿಯ ಆಚೀಚಿನ ಹಳ್ಳಿಗಳನ್ನು ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ಇದ್ದ ಕಡೆ ಬಡ ಕುಟುಂಬಗಳಲ್ಲಿ, ಯೋಜನೆಯಡಿ ಚಿಕಿತ್ಸೆ ಸಿಗುತ್ತಿದ್ದ, ಹೃದ್ರೋಗ ಮತ್ತು ಕ್ಯಾನ್ಸರ್ ಮುಖ್ಯವಾಗಿದ್ದ ಕಾಯಿಲೆಗಳ ಸಾವು ಶೇ 64ರಷ್ಟು ಕಡಿಮೆ ಇತ್ತು. ಜಗತ್ತಿನಲ್ಲೇ ಉಲ್ಲೇಖವಾಗುವ ಫಲಿತಾಂಶ ಇದು, ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಗೊತ್ತೋ! ಈಗಿನ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ಗೆ ಪ್ಯಾಕೇಜಿನ ಶೇ 30 ಲೆಕ್ಕದಲ್ಲಿ 1.5 ಲಕ್ಷದವರೆಗೆ ಚಿಕಿತ್ಸೆ ಇದೆ. 1973ರಲ್ಲಿ ಶುರುವಾದ ಕಿದ್ವಾಯಿ ಇದೆ, ಕಲಬುರಗಿಯಲ್ಲಿ ಅದರ ಶಾಖೆ ಇದೆ.

ದುಡ್ಡು ಸೋರುವುದು ಇವುಗಳ ಆಚೀಚೆ. ಕಾರ್ಡು ಕೆಲಸ ಮಾಡುವುದು ರೋಗ ಖಚಿತವಾಗಿ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕ ಮೇಲೆ. ಅದಕ್ಕೆ ಮುಂಚಿನ ಸ್ಕ್ಯಾನು, ಬಯಾಪ್ಸಿ, ಊರಿನ ಮೂರು ನಾಲ್ಕು ಡಾಕ್ಟರುಗಳ ಫೀಸು, ಹುಣ್ಣಿಗೆ ಎರಡು ತಿಂಗಳು ಹಚ್ಚಿದ ಮುಲಾಮು ಇವೆಲ್ಲ ಕೈಯಿಂದ. ಆಮೇಲೆ ದಿನಗಳು. ಬಾಯಿ ಕ್ಯಾನ್ಸರ್‌ಗೆ ವಿಕಿರಣ ಎಂದರೆ ವಾರಕ್ಕೆ ಐದರಂತೆ 33ರಿಂದ 35 ಸಲ, ಹತ್ತಿರಹತ್ತಿರ ಏಳು ವಾರ. ಗರ್ಭಕೊರಳಿನ ಕ್ಯಾನ್ಸರ್‌ಗೆ ಹೊರಗಿನಿಂದ 25 ಸಲ, ವಾರಕ್ಕೊಮ್ಮೆ ಕಿಮೊ, ಕೊನೆಗೆ ಒಳಗಿನಿಂದ ಮೂರು ನಾಲ್ಕು ಸಲ. ಯಾದಗಿರಿಯ ಹಳ್ಳಿಯವರು ದಿನಾ ಹೋಗಿ ಬರಲಾಗದು, ಆಸ್ಪತ್ರೆಯ ಊರಿನಲ್ಲೇ ಉಳಿಯಬೇಕು, ಜೊತೆಗೊಬ್ಬರು ಇರಲೇಬೇಕು. ದಿನಕ್ಕೆ 500ರಂತೆ ಇಬ್ಬರ 40 ದಿನದ ಕೂಲಿ 40,000 ರೂಪಾಯಿ. ಊಟ, ಕೊಠಡಿ ಬೇರೆ. ಸರ್ಕಾರದ ಪ್ಯಾಕೇಜಿನಲ್ಲಿ ಯಂತ್ರದ ಖರ್ಚಿದೆ, ಈ ನಲವತ್ತು ಸಾವಿರ ಇಲ್ಲ. ಅರ್ಧಕ್ಕೆ ಚಿಕಿತ್ಸೆ ಬಿಟ್ಟು ಹೋಗುವವರನ್ನು ಅಜ್ಞಾನಿಗಳೆಂದು ಬೈಯುವುದನ್ನು ಕೇಳಿದಾಗ ಸಂಕಟವಾಗುತ್ತದೆ. ಬಿತ್ತನೆ ಸಮಯ ಬಂದಿರುತ್ತದೆ, ಅಷ್ಟೇ.

ಆದ್ದರಿಂದಲೇ ಎಷ್ಟು ಸಲ ವಿಕಿರಣ ಕೊಡಬೇಕು ಎನ್ನುವುದು ಬರೀ ವೈದ್ಯಕೀಯದ ಪ್ರಶ್ನೆಯಲ್ಲ. ಸ್ತನ ಕ್ಯಾನ್ಸರ್‌ನಲ್ಲಿ ಹಿಂದೆ 25 ಸಲ ಕೊಡುತ್ತಿದ್ದುದನ್ನು ಬ್ರಿಟನ್ನಿನ ಪ್ರಯೋಗಗಳ ಆಧಾರದ ಮೇಲೆ 15 ಸಲಕ್ಕೆ ಇಳಿಸಲಾಗಿದೆ. ಸೂಕ್ತ ರೋಗಿಗಳಿಗೆ ಒಂದೇ ವಾರದಲ್ಲಿ 5 ಸಲ ಸಾಕೆಂದು 2020ರಲ್ಲಿ ಅಲ್ಲೇ ತೋರಿಸಿದರು. ಐದು ವಾರ ಬೆಂಗಳೂರಿನಲ್ಲಿ ಉಳಿಯುವುದಕ್ಕೂ ಒಂದು ವಾರ ಉಳಿಯುವುದಕ್ಕೂ ಇರುವ ವ್ಯತ್ಯಾಸ ಮನೆಯಲ್ಲಿ ಹಸು ಉಳಿಯುತ್ತದೋ ಮಾರಾಟವಾಗುತ್ತದೋ ಎನ್ನುವಷ್ಟು ದೊಡ್ಡದು. "ನನಗೆ ಕಡಿಮೆ ದಿನದ ವಿಕಿರಣ ಆಗುತ್ತಾ ಡಾಕ್ಟ್ರೆ" ಎಂದು ರೋಗಿಯ ಕಡೆಯವರು ಕೇಳಬಹುದು, ಕೇಳಬೇಕು. 2025ರಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕಿಮೊ ಕೇಂದ್ರಗಳನ್ನು ಶುರು ಮಾಡಿದ್ದು ಇದೇ ಕಾರಣಕ್ಕೆ ಒಳ್ಳೆಯ ಹೆಜ್ಜೆ.

ಮನೆ ಮುಳುಗುವುದಕ್ಕೂ ಒಂದು ಕ್ರಮವಿದೆ. ಮೊದಲು ಕೈಗಡ. ಆಮೇಲೆ ಒಡವೆ ಗಿರವಿಗೆ ಹೋಗುತ್ತದೆ, ಹೆಂಡತಿಯ ಸಂಘದ ಸಾಲ ಏರುತ್ತದೆ, ಮೈಕ್ರೊ ಫೈನಾನ್ಸಿನ ವಾರದ ಕಂತು ಶುರುವಾಗುತ್ತದೆ. ಕೊನೆಗೆ ಹೊಲ. ವಸೂಲಿಯ ದೌರ್ಜನ್ಯ ತಡೆಯಲು 2025ರ ಫೆಬ್ರವರಿಯಲ್ಲಿ ಕರ್ನಾಟಕ ಸುಗ್ರೀವಾಜ್ಞೆ ತರಬೇಕಾಯಿತು; ಅಂಥ ಸಾಲಗಳ ಹಿಂದೆ ಅನೇಕ ಸಲ ಕಾಯಿಲೆ ಇರುತ್ತದೆ. ಸಾಲ ಹುಟ್ಟುವುದು ರೋಗಿ ಬದುಕಿದ್ದಾಗ, ತೀರಿಸುವವರು ಉಳಿದವರು. ದೊಡ್ಡ ಮಗ ಪಿಯುಸಿ ಬಿಟ್ಟು ಗ್ಯಾರೇಜು ಸೇರುತ್ತಾನೆ, ಮಗಳ ಮದುವೆ "ಒಂದು ಜವಾಬ್ದಾರಿ ಕಳೆಯಲಿ" ಎಂದು ಎರಡು ವರ್ಷ ಮೊದಲೇ ನಡೆದುಹೋಗುತ್ತದೆ. ತಾಯಿ ಸತ್ತ ಮನೆಯಲ್ಲಿ ಹಿರಿಯ ಮಗಳೇ ತಾಯಿಯಾಗುತ್ತಾಳೆ. ಅವಳ ಓದು ನಿಂತದ್ದನ್ನು ಯಾವ ಅಂಕಿ ಅಂಶವೂ ಕ್ಯಾನ್ಸರ್‌ನ ಖಾತೆಗೆ ಬರೆಯುವುದಿಲ್ಲ. ಇದರ ಮೇಲೆ ಬಾಯಿ ಬಿಟ್ಟು ಹೇಳದ ಕಷ್ಟ. ಕಾಯಿಲೆಯ ಹೆಸರು ಹೇಳಿದರೆ ಮಗಳಿಗೆ ಗಂಡು ಸಿಗುವುದಿಲ್ಲವೆಂದು ಎಷ್ಟೋ ಮನೆಯವರು ಗಡ್ಡೆ ಎಂದಷ್ಟೇ ಹೇಳಿ ಸುಮ್ಮನಾಗುತ್ತಾರೆ. ಮುಚ್ಚಿಟ್ಟದ್ದಕ್ಕೆ ನೆರವು ಕೇಳುವಂತೆಯೂ ಇಲ್ಲ.

ಹಾಗೆಂದು ನಮ್ಮಲ್ಲಿ ಏನೂ ಇಲ್ಲ ಎನ್ನುವುದು ಸುಳ್ಳು. ಇರುವುದು ಕೈತಪ್ಪಿ ಹೋಗುತ್ತದೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಮುರಿದುಕೊಳ್ಳುವ ಸುರಕ್ಷಾ ಬಿಮಾ ಅನೇಕರಿಗಿದೆ. ಅದು ಅಪಘಾತಕ್ಕೆ ಮಾತ್ರ, ಕ್ಯಾನ್ಸರ್ ಸಾವಿಗೆ ಒಂದು ಪೈಸೆಯೂ ಬಾರದು. ಬೇಕಾದ್ದು ವರ್ಷಕ್ಕೆ 436 ರೂಪಾಯಿಯ ಜೀವನ್ ಜ್ಯೋತಿ ಬಿಮಾ. ಯಾವ ಕಾರಣದ ಸಾವಾದರೂ 2 ಲಕ್ಷ. 18ರಿಂದ 50ರೊಳಗೆ ಸೇರಬೇಕು, 55ರವರೆಗೆ ಮುಂದುವರಿಯುತ್ತದೆ, ಸೇರಿದ ಮೊದಲ 30 ದಿನ ಅಪಘಾತದ ಸಾವಿಗೆ ಮಾತ್ರ. ಇದು ಮುರಿದುಬೀಳುವುದು ಮೇ ಕೊನೆಯಲ್ಲಿ. ಕಂತು ತಾನಾಗಿ ಕಡಿತವಾಗುವ ದಿನ ಖಾತೆಯಲ್ಲಿ 436 ಇಲ್ಲದಿದ್ದರೆ ವಿಮೆ ಬಿಟ್ಟುಹೋಗುತ್ತದೆ, ಕಾಯಿಲೆ ಬಿದ್ದ ಮನೆಯ ಖಾತೆ ಖಾಲಿ ಇರುವುದೂ ಆಗಲೇ.

ಇಎಸ್‌ಐ ಕಾರ್ಡಿರುವ ಕಾರ್ಮಿಕರಿಗೆ ಜರ್ಮನಿಯ ಭತ್ಯೆಗೆ ಸಮನಾದದ್ದು ಕಾಗದದ ಮೇಲೆ ಇದೆ. ಮೊದಲು ಶೇ 70ರಂತೆ 91 ದಿನ, ನಂತರ ಕ್ಯಾನ್ಸರ್‌ನಂಥ ದೀರ್ಘ ಕಾಯಿಲೆಗೆ ಶೇ 80ರಂತೆ ಎರಡು ವರ್ಷದವರೆಗೆ. ಅದಕ್ಕೆ ಎರಡು ವರ್ಷದ ನಿರಂತರ ಕೆಲಸ ಮತ್ತು ನಾಲ್ಕು ಕಂತಿನ ಅವಧಿಗಳಲ್ಲಿ 156 ದಿನದ ವಂತಿಗೆ ಬೇಕು. ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇದನ್ನು ಕೇಳಿಯೇ ಇರುವುದಿಲ್ಲ. ಪಿಎಫ್ ಇದ್ದವರು ಕೆಲಸದಲ್ಲಿದ್ದಾಗ ಸತ್ತರೆ ಅದರೊಂದಿಗೇ ಇರುವ ವಿಮೆಯಿಂದ 7 ಲಕ್ಷದವರೆಗೆ ಬರುತ್ತದೆ, ಫಾರಂ 5ಐಎಫ್. ಒಂದೇ ತಿಂಗಳ ಕಂತಿದ್ದರೂ ಹೆಂಡತಿಗೆ ಪಿಂಚಣಿ ಇದೆ, ಇಬ್ಬರು ಮಕ್ಕಳಿಗೆ ತಲಾ ಅದರ ಕಾಲು ಭಾಗ 25 ವರ್ಷದವರೆಗೆ, ಫಾರಂ 10ಡಿ. ಆದರೆ "ಹುಷಾರಾದ ಮೇಲೆ ಬನ್ನಿ, ಈಗ ರಾಜೀನಾಮೆ ಬರೆದುಕೊಡಿ" ಎಂದು ಕಂಪನಿಯವರು ಹೇಳಿದ್ದಕ್ಕೆ ಸಹಿ ಹಾಕಿಬಿಟ್ಟರೆ ಆ 7 ಲಕ್ಷ ಹೋಯಿತು. ರಾಜೀನಾಮೆ ಕೊಡಬೇಡಿ. ಸಂಬಳವಿಲ್ಲದ ರಜೆಯಾದರೂ ಸರಿ, ಹಾಜರಿ ಪಟ್ಟಿಯಲ್ಲಿ ಹೆಸರು ಇರಲಿ.

ತಡೆಯುವ ವಿಷಯಕ್ಕೆ ಬಂದರೆ, ಅಡಿಕೆಯನ್ನು ಬಿಟ್ಟು ಮಾತಾಡಲಾಗದು. ಹೊಗೆಸೊಪ್ಪು ಸೇರದ ಬರೀ ಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ಮೊದಲ ಗುಂಪಿಗೆ ಸೇರಿಸಿತು. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವುದು ಕರ್ನಾಟಕ. ಮಲೆನಾಡಿನ ಬೆಳೆಗಾರರ ಬದುಕು ಅದರ ಮೇಲಿದೆ ಎನ್ನುವುದೂ ನಿಜ, ಗುಟ್ಕಾ ನಿಷೇಧವಾದ ಮೇಲೂ ಅಡಿಕೆಪುಡಿಯ ಪೊಟ್ಟಣ ಒಂದು, ತಂಬಾಕಿನ ಪೊಟ್ಟಣ ಒಂದು ಜೋಡಿಯಾಗಿ ನೇತಾಡುತ್ತಿರುವುದೂ ನಿಜ. ಬೆಳೆಗಾರರನ್ನು ಶತ್ರುಗಳೆಂದು ನೋಡದೆ, ಪರ್ಯಾಯ ಬೆಳೆಗೆ ಬೆಂಬಲ ಕೊಟ್ಟು ಇದನ್ನು ಬಿಡಿಸುವ ಮಾತು ಯಾವ ಪಕ್ಷವೂ ಆಡುತ್ತಿಲ್ಲ. ಅಲ್ಲಿಯವರೆಗೆ ಬಾಯಿ ನೋಡುವ ಕೆಲಸವಾದರೂ ನಡೆಯಲಿ. ಬಾಯಲ್ಲಿ ಬಿಳಿ ಅಥವಾ ಕೆಂಪು ಕಲೆ, ಎರಡು ವಾರಕ್ಕೂ ಮಾಯದ ಹುಣ್ಣು, ಮೂರು ಬೆರಳು ಹಿಡಿಸುವಷ್ಟು ಬಾಯಿ ತೆರೆಯಲಾಗದಿರುವುದು, ಖಾರ ತಿಂದರೆ ಉರಿ. ಇಷ್ಟು ನೋಡಲು ಟಾರ್ಚು ಸಾಕು.

ಜರ್ಮನಿಯಲ್ಲಿ 50ರಿಂದ 75ರ ಹೆಂಗಸರಿಗೆ ಎರಡು ವರ್ಷಕ್ಕೊಮ್ಮೆ ಸ್ತನ ಕ್ಯಾನ್ಸರ್ ತಪಾಸಣೆಗೆ ದಿನ, ಗಂಟೆ ಗೊತ್ತುಮಾಡಿದ ಪತ್ರ ಮನೆಗೆ ಬರುತ್ತದೆ. ನಮ್ಮಲ್ಲಿ 30 ದಾಟಿದವರ ಪಟ್ಟಿ ಆಶಾ ಕಾರ್ಯಕರ್ತೆಯ ಹತ್ತಿರ ಇದೆ, ಗೃಹ ಆರೋಗ್ಯ ಯೋಜನೆಯಲ್ಲಿ ಮನೆ ಬಾಗಿಲಿಗೂ ಬರುತ್ತಾರೆ. ಆದರೂ 2019-21ರ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49ರ ಹೆಂಗಸರಲ್ಲಿ ಗರ್ಭಕೊರಳಿನ ತಪಾಸಣೆ ಎಂದಾದರೂ ಮಾಡಿಸಿಕೊಂಡವರು ಶೇ 1.9. ಮುಂಬಯಿಯ ಟಾಟಾ ಮೆಮೋರಿಯಲ್‌ನವರು ಹತ್ತನೇ ತರಗತಿ ಓದಿದ ಸ್ಥಳೀಯ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟು, ಅಸಿಟಿಕ್ ಆಮ್ಲದ ತೆಳು ದ್ರಾವಣ ಹಚ್ಚಿ ನೋಡುವ ಸುಲಭ ಪರೀಕ್ಷೆಯಿಂದಲೇ ಗರ್ಭಕೊರಳಿನ ಕ್ಯಾನ್ಸರ್ ಸಾವನ್ನು ಶೇ 31ರಷ್ಟು ಇಳಿಸಿ ತೋರಿಸಿದ್ದಾರೆ. ಯಂತ್ರ ಬೇಡ, ದೊಡ್ಡ ಡಾಕ್ಟರು ಬೇಡ. ಬೇಕಿರುವುದು ಒಂದು ಪರದೆಯಿರುವ ಕೋಣೆ, ಕಲಿತ ನರ್ಸು, ಮತ್ತು ಆ ದಿನದ ಕೂಲಿ.

ನನ್ನ ಕೇಳಿಕೆ ದೊಡ್ಡದೇನಲ್ಲ. ಕ್ಷಯರೋಗಿಗಳಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500, 2024ರ ನವೆಂಬರಿನಿಂದ 1,000 ರೂಪಾಯಿ ನೇರ ಖಾತೆಗೆ ಹೋಗುತ್ತಿದೆ. ಹರಿಯಾಣದಲ್ಲಿ 3 ಮತ್ತು 4ನೇ ಹಂತದ ಕ್ಯಾನ್ಸರ್ ರೋಗಿಗಳಿಗೆ ಮಾಸಾಶನವಿದೆ, ಕೇರಳದಲ್ಲಿ ಕ್ಯಾನ್ಸರ್ ಪಿಂಚಣಿ ಇದೆ. ಕರ್ನಾಟಕ ಅದಕ್ಕಿಂತ ಚೆನ್ನಾಗಿ ಮಾಡಬಹುದು: ಕೊನೆಯ ಹಂತಕ್ಕೆ ಕಾಯದೆ, ಗುಣವಾಗಬಹುದಾದ ರೋಗಿ ಚಿಕಿತ್ಸೆಗೆ ಬಂದ ಪ್ರತಿ ದಿನಕ್ಕೆ ದಿನಗೂಲಿ. ವಿಕಿರಣದ ಯಂತ್ರದಲ್ಲಿ ಪ್ರತಿ ಸಲದ ದಾಖಲೆ ಇರುತ್ತದೆ, ಹಾಜರಿಗೆ ಬೇರೆ ಸಾಕ್ಷಿ ಬೇಡ. ದಿನಕ್ಕೆ 400ರಂತೆ 40 ದಿನಕ್ಕೆ 16,000. ಜೊತೆಗೆ ಪ್ರತಿ ಕ್ಯಾನ್ಸರ್ ಆಸ್ಪತ್ರೆಯಲ್ಲಿ, ಆರೋಗ್ಯಮಿತ್ರರ ಮೇಜಿನ ಪಕ್ಕದಲ್ಲೇ, ಇಎಸ್‌ಐ, ಪಿಎಫ್, ಕಾರ್ಮಿಕ ಮಂಡಳಿ, ಜೀವನ್ ಜ್ಯೋತಿ, ನಾಡಕಚೇರಿಯ ಅರ್ಜಿ ಎಲ್ಲ ಬಲ್ಲ ಒಬ್ಬರು. ಆರೋಗ್ಯಮಿತ್ರರು ಬಿಲ್ಲಿನ ಕೆಲಸ ನೋಡಿಕೊಳ್ಳುವ ಹಾಗೆ ಇವರು ಮನೆಯ ಕೆಲಸ ನೋಡಿಕೊಳ್ಳಬೇಕು, ರೋಗಿ ದಾಖಲಾದ ಮೊದಲ ವಾರದಲ್ಲೇ.

ಹೊರನಾಡಿನ ನಮ್ಮ ಸಂಘಗಳಿಗೂ ಒಂದು ಮಾತು. ಊರಿನಿಂದ ಸಹಾಯದ ಕೋರಿಕೆ ಬಂದಾಗ ನಾವು ಹೆಚ್ಚು ಹಣ ಕಳಿಸುವುದು ಕೊನೆಯ ಘಟ್ಟದ ದುಬಾರಿ ಇಂಜೆಕ್ಷನ್‌ಗೆ, ರೋಗಿಯ ಫೋಟೊ ನೋಡಿ. ಅದು ಸಹಜವೇ. ಆದರೆ ಹಣ ಕಳಿಸುವ ಮುನ್ನ ಆ ಔಷಧಿಯಿಂದ ಎಷ್ಟು ತಿಂಗಳು ಸಿಗಬಹುದು ಎಂದು ಚಿಕಿತ್ಸೆ ಮಾಡುವ ವೈದ್ಯರನ್ನು ಕೇಳಿಸಿ. ಕಡಿಮೆ ಪ್ರಮಾಣವೂ ಕೆಲಸ ಮಾಡುವ ಸಂದರ್ಭಗಳಿವೆ. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ನಲ್ಲಿ ನಿವೊಲುಮಾಬ್ ಔಷಧಿಯ 20 ಮಿಲಿಗ್ರಾಂ, ಅಂದರೆ ರೂಢಿಯ ಪ್ರಮಾಣದ ಹತ್ತನೇ ಒಂದಕ್ಕಿಂತ ಕಡಿಮೆ, ಕೊಟ್ಟು ಟಾಟಾ ಮೆಮೋರಿಯಲ್ 2022ರಲ್ಲಿ ಒಳ್ಳೆಯ ಫಲ ತೋರಿಸಿತು. ಉಳಿದ ಹಣವನ್ನು ಚಿಕಿತ್ಸೆಯ ಆರಂಭದಲ್ಲೇ ಇನ್ನೊಂದು ಕಡೆ ಹಾಕಿ: ಜೊತೆಗೆ ಉಳಿಯುವವರ ಕೊಠಡಿ ಬಾಡಿಗೆಗೆ, ನಿಂತುಹೋದ ಸಂಘದ ಕಂತಿಗೆ, ಮೇ ತಿಂಗಳಲ್ಲಿ ಖಾತೆಯಲ್ಲಿ ಇರಬೇಕಾದ 436 ರೂಪಾಯಿಗೆ. ಮಕ್ಕಳ ಫೀಸನ್ನು ಮನೆಯವರ ಕೈಗೆ ಕೊಡದೆ ಜೂನ್‌ಗೆ ಮುಂಚೆ ನೇರವಾಗಿ ಶಾಲೆ ಕಾಲೇಜಿಗೆ ಕಟ್ಟಿ, ರಸೀದಿ ತರಿಸಿಕೊಳ್ಳಿ. ಒಂದು ವರ್ಷಕ್ಕೆ ನಿಲ್ಲಿಸದೆ ಆ ಮಗುವಿನ ಓದು ಮುಗಿಯುವವರೆಗೆ ಕಟ್ಟುತ್ತೇವೆಂದು ಮೊದಲೇ ಬರೆದುಕೊಡಿ. ಮನೆಯವರು ಮಗನನ್ನು ಕೆಲಸಕ್ಕೆ ಕಳಿಸುವ ನಿರ್ಧಾರ ಮಾಡುವುದು ಸಾವಾದ ಮೊದಲ ಎರಡು ಮೂರು ತಿಂಗಳಲ್ಲಿ.